‘ಯಾರು ಬಂದರೂ ಅಷ್ಟೇ’ ಎನ್ನುವ ಮುನ್ನ

“ಯಾರು ಬಂದರೂ ಅಷ್ಟೇ ಅಂಕಲ್, ಎಲ್ಲರೂ ಕಳ್ಳರೇ.” ಬ್ರಿಟನ್ನಿನ ರಾಜಕೀಯದ ಮಾತು ಎತ್ತಿದಾಗಲೆಲ್ಲ, ಇಲ್ಲಿನ ಕನ್ನಡದ ಯುವಕ ಯುವತಿಯರೇ, ನಿಮ್ಮ ಬಾಯಲ್ಲಿ ಮೊದಲು ಬರುವುದು ಇದೇ. ಯುಗಾದಿ ಊಟಕ್ಕೆ ಕೂತಾಗ ಕೇಳಿದ್ದೇನೆ, ರಾಜ್ಯೋತ್ಸವದ ದಿನ ಹಾಲ್‌ನ ಹೊರಗೆ ಕಾಫಿ ಹಿಡಿದು ನಿಂತಾಗ ಕೇಳಿದ್ದೇನೆ. ಇಲ್ಲೇ ಹುಟ್ಟಿ ಬೆಳೆದ ನೀವೂ ಹೇಳುತ್ತೀರಿ. ಮೊನ್ನೆ ಮೊನ್ನೆ ದಾವಣಗೆರೆಯಿಂದಲೋ ಬೆಂಗಳೂರಿನಿಂದಲೋ ವೀಸಾ ಹಿಡಿದು ಬಂದಿಳಿದ ನೀವೂ ಹೇಳುತ್ತೀರಿ. ಬ್ರೆಕ್ಸಿಟ್ ಆಗಿ ಇಷ್ಟು ವರ್ಷವಾದರೂ ಬ್ರಿಟನ್ನಿನ ಜನರ ಸಿಟ್ಟು ಆರಿಲ್ಲ, ಅದು ನಿಮಗೂ ಹತ್ತಿಕೊಂಡಿದೆ. ನ್ಯಾಯವಾದ ಸಿಟ್ಟೇ ಅದು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆ ಒಂದು ಮಾತನ್ನು ಮಾತ್ರ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಯಾರು ರಾಜ್ಯ ಆಳಿದರೂ ನಮಗೆ ರಾಗಿ ಬೀಸುವುದು ತಪ್ಪೀತೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಳುವವರನ್ನು ಆರಿಸುವ ಹಕ್ಕೇ ಇಲ್ಲದವರ ಮಾತು ಅದು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ. ಎಲ್ಲರೂ ಕಳ್ಳರೇ ಎಂದ ಕ್ಷಣ ನಿಜವಾದ ಕಳ್ಳ ಗುಂಪಿನಲ್ಲಿ ಮರೆಯಾಗುತ್ತಾನೆ. ಮರ್ಯಾದೆಯಿಂದ ಕೆಲಸ ಮಾಡಿದವನಿಗೂ ಅವನ ಜೊತೆಯಲ್ಲೇ ಏಟು ಬೀಳುತ್ತದೆ. ಈ ದೇಶದಲ್ಲಿ ಏನಾಯಿತೋ ಅದಕ್ಕೆ ಹೆಸರುಗಳಿವೆ, ತಾರೀಖುಗಳಿವೆ. ಅವನ್ನು ನೆನಪಿಟ್ಟುಕೊಂಡು ಸಿಟ್ಟಾಗಿ.

ನಾನು ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ ವೈದ್ಯ. ಈಶಾನ್ಯ ಇಂಗ್ಲೆಂಡಿನ ಡರಮ್ ಕೌಂಟಿಯ ಕಲ್ಲಿದ್ದಲು ಸೀಮೆಯಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದೆ. ಇಂಥ ಗಣಿ ಊರುಗಳಿಗೆ ಬರಲು ಇಲ್ಲಿನ ವೈದ್ಯರು ಒಪ್ಪುತ್ತಿರಲಿಲ್ಲ. ನಮ್ಮ ದೇಶದವರೇ ತುಂಬಿಕೊಂಡಿದ್ದೆವು. ಯುರೋಪಿನ ವಿಷಯದಲ್ಲಿ ಎರಡು ಜನಮತಗಣನೆಗಳನ್ನು ಕಂಡಿದ್ದೇನೆ. ಮೊದಲನೆಯದು 1975ರ ಜೂನ್ 5ರಂದು. ಪ್ರಧಾನಿ ಹೆರಾಲ್ಡ್ ವಿಲ್ಸನ್ ತಮ್ಮ ಸಚಿವರಿಗೆ ಎರಡೂ ಕಡೆ ನಿಂತು ವಾದಿಸಲು ಬಿಟ್ಟರು. ಶೇಕಡ 67ರಷ್ಟು ಜನ ಉಳಿಯೋಣ ಎಂದರು. ಎರಡನೆಯದು 2016ರ ಜೂನ್ 23ರಂದು. ಹೊರಡೋಣ ಎಂದವರು ಶೇಕಡ 51.9, ಉಳಿಯೋಣ ಎಂದವರು 48.1. ಎರಡು ಸಲವೂ ನಾನು ಉಳಿಯುವ ಕಡೆಗೇ ಮತ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತನ್ನು ನೀವು ತೂಗಿ ನೋಡಲು ಅನುಕೂಲವಾಗಲಿ ಎಂದು.

2016ರ ಆ ಮತಪತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಪ್ರಶ್ನೆ: ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಅದನ್ನು ಬಿಡಬೇಕೋ. ಕೆಳಗೆ ಎರಡು ಸಾಲು, ಎರಡು ಚೌಕ. ಮತಗಟ್ಟೆಯ ಹಲಗೆಗೆ ದಾರ ಕಟ್ಟಿ ಇಟ್ಟ ಪೆನ್ಸಿಲ್. ಪೆನ್ಸಿಲ್ ಗುರುತನ್ನು ಯಾರಾದರೂ ಅಳಿಸಿಬಿಡುತ್ತಾರೆ, ನಿಮ್ಮದೇ ಪೆನ್ನು ತೆಗೆದುಕೊಂಡು ಹೋಗಿ ಎಂದು ಆಗ ಸುದ್ದಿ ಹಬ್ಬಿತ್ತು. ಪೆನ್ಸಿಲ್ ಬಗ್ಗೆ ಅಷ್ಟು ಎಚ್ಚರ ವಹಿಸಿದ ಜನಕ್ಕೆ ಪ್ರಶ್ನೆಯ ಬಗ್ಗೆ ಎಚ್ಚರ ಹೇಳುವವರು ಸಾಲದಾದರು. ಉಳಿಯುವುದು ಎಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು, ನಲವತ್ತಕ್ಕೂ ಹೆಚ್ಚು ವರ್ಷ ಅದರಲ್ಲೇ ಇದ್ದೆವು. ಬಿಡುವುದು ಎಂದರೆ ಏನು? ನಾರ್ವೆಯ ಹಾಗೆ ಒಕ್ಕೂಟದ ಹೊರಗಿದ್ದೂ ಅದರ ಮಾರುಕಟ್ಟೆಯೊಳಗೆ ಇರುವುದೋ, ಸುಂಕದ ಒಕ್ಕೂಟದಲ್ಲಷ್ಟೇ ಇರುವುದೋ, ಎಲ್ಲ ನಂಟನ್ನೂ ಹರಿದುಕೊಂಡು ಹೋಗುವುದೋ? ಮತಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬಿಡೋಣ ಎಂದು ಪ್ರಚಾರ ಮಾಡಿದವರು ಊರಿಗೊಂದು ಉತ್ತರ ಕೊಟ್ಟರು. ಇರುವ ಮನೆ ಖಾಲಿ ಮಾಡೋಣವೇ ಎಂದು ಮನೆಮಂದಿಯನ್ನೆಲ್ಲ ಕೇಳಿ, ಹೋಗುವುದು ಎಲ್ಲಿಗೆಂದು ಮಾತ್ರ ಹೇಳದೆ ಲಾರಿ ತರಿಸಿದ ಯಜಮಾನನ ಹಾಗೆ ನಡೆದುಕೊಂಡರು ನಮ್ಮ ನಾಯಕರು.

ಯಾರು ಹೊಣೆ? ಮೊದಲಿಗೆ ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್. 2013ರ ಜನವರಿಯಲ್ಲಿ ಜನಮತಗಣನೆಯ ಮಾತು ಕೊಟ್ಟವರು ಅವರು. ಅದಕ್ಕೆ ದೊಡ್ಡ ಕಾರಣ ಅವರ ಕನ್ಸರ್ವೇಟಿವ್ ಪಕ್ಷದೊಳಗಿನ ಜಗಳ ಮತ್ತು ಒಕ್ಕೂಟ ಬಿಡಬೇಕೆನ್ನುತ್ತಿದ್ದ ನೈಜೆಲ್ ಫರಾಜ್ ಅವರ ಪಕ್ಷ ಮತ ಕಸಿಯುತ್ತದೆಂಬ ಭಯ. 2015ರಲ್ಲಿ ಪಾಸಾದ ಕಾನೂನಿನ ಪ್ರಕಾರ ಆ ಮತದಾನ ಬರೀ ಸಲಹೆ. ಆದರೆ 2016ರ ಏಪ್ರಿಲ್‌ನಿಂದ ಸರ್ಕಾರ ಮನೆಮನೆಗೆ ಹಂಚಿದ ಕಿರುಹೊತ್ತಿಗೆಯಲ್ಲಿ ನೀವು ಏನು ತೀರ್ಮಾನಿಸಿದರೂ ಅದನ್ನೇ ಜಾರಿ ಮಾಡುತ್ತೇವೆ ಎಂದು ಬರೆದಿತ್ತು. ಕಾನೂನು ಒಂದು ಹೇಳುತ್ತದೆ, ಸರ್ಕಾರ ಇನ್ನೊಂದು ಹೇಳುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಜನ ಹೊರಡೋಣ ಎಂದರೆ ಮುಂದೇನು ಎಂದು ಯೋಜನೆ ಮಾಡಲು ಇಲಾಖೆಗಳಿಗೆ ಸೂಚನೆಯನ್ನೇ ಕೊಡಲಿಲ್ಲ. ಸಂಸತ್ತಿನ ವಿದೇಶಾಂಗ ಸಮಿತಿ 2016ರ ಜುಲೈ ವರದಿಯಲ್ಲಿ ಇದನ್ನು ಘೋರ ನಿರ್ಲಕ್ಷ್ಯ ಎಂದೇ ಕರೆಯಿತು. ಎರಡು ವರ್ಷ ಹಿಂದೆ, 2014ರಲ್ಲಿ, ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೇ ಎಂಬ ಜನಮತಗಣನೆ ನಡೆದಾಗ ಸ್ಕಾಟ್ಲೆಂಡ್ ಸರ್ಕಾರ 600ಕ್ಕೂ ಹೆಚ್ಚು ಪುಟಗಳ ಶ್ವೇತಪತ್ರ ಹೊರತಂದಿತ್ತು. ಅದರಲ್ಲಿ ಬರೆದದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಬದಲಾವಣೆ ಬೇಕೆಂದವರು ಅದು ಹೇಗಿರುತ್ತದೆ ಎಂದು ಮೊದಲು ಬರೆದುಕೊಟ್ಟರು, ಜನ ಅದನ್ನು ಓದಿ ಬೇಡವೆಂದರು. 2016ರಲ್ಲಿ ಓದಲು ಕಾಗದವೇ ಇರಲಿಲ್ಲ.

ಆಮೇಲೆ ಹೊರಡುವ ಪರದವರ ಕೆಂಪು ಬಸ್ಸು. ವಾರಕ್ಕೆ 35 ಕೋಟಿ ಪೌಂಡು ಯುರೋಪಿಗೆ ಹೋಗುತ್ತಿದೆ, ಅದನ್ನು ನಮ್ಮ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಹಾಕೋಣ ಎಂದು ಬಸ್ಸಿನ ಮೈಮೇಲೆ ಬರೆಸಿಕೊಂಡು ಊರೂರು ಸುತ್ತಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ, ತಿರುಗಿ ಬರುತ್ತಿದ್ದ ಹಣವನ್ನು ಲೆಕ್ಕಕ್ಕೆ ಹಿಡಿಯದೆ ಹಾಕಿದ ಅಂಕಿ ಅದು. ಇದು ದಾರಿ ತಪ್ಪಿಸುವ ಲೆಕ್ಕ ಎಂದು ದೇಶದ ಅಂಕಿಅಂಶ ಪ್ರಾಧಿಕಾರವೇ ಮತದಾನಕ್ಕೆ ಮೊದಲೇ ಹೇಳಿತು. ಆದರೂ ಬಸ್ಸು ನಿಲ್ಲಲಿಲ್ಲ. ಬದುಕಿಡೀ ಎನ್‌ಎಚ್‌ಎಸ್‌ನಲ್ಲಿ ದುಡಿದ ನನಗೆ, ಕಾಯುತ್ತಾ ಕೂತ ರೋಗಿಗಳ ಆಸೆಯನ್ನು ಹಾಗೆ ಬಳಸಿಕೊಂಡದ್ದನ್ನು ಕ್ಷಮಿಸಲು ಇಂದಿಗೂ ಆಗಿಲ್ಲ. ಆ ಪ್ರಚಾರದ ಮುಂದಾಳು ಬೋರಿಸ್ ಜಾನ್ಸನ್ ತಾವು ಯಾವ ಕಡೆ ಎಂದು ಘೋಷಿಸುವ ಮೊದಲು ಎರಡು ಅಂಕಣ ಬರೆದಿಟ್ಟಿದ್ದರು, ಒಂದು ಹೊರಡುವ ಪರ, ಒಂದು ಉಳಿಯುವ ಪರ. ಇದು ಆಮೇಲೆ ಅಚ್ಚಿನಲ್ಲೇ ಬಂತು.

ಫಲಿತಾಂಶ ಬಂದ ಮೇಲಿನ ಎರಡು ವಾರಗಳನ್ನು ನೀವು ಯಾರಾದರೂ ಕುಳಿತು ಓದಬೇಕು. ಜೂನ್ 24ರಂದು ಕ್ಯಾಮರಾನ್ ರಾಜೀನಾಮೆ ಘೋಷಿಸಿದರು. ಜೂನ್ 28ರಂದು ಲೇಬರ್ ಪಕ್ಷದ ಸಂಸದರು ತಮ್ಮ ನಾಯಕ ಜೆರೆಮಿ ಕಾರ್ಬಿನ್ ಮೇಲೆ 172-40ರಲ್ಲಿ ಅವಿಶ್ವಾಸ ಸೂಚಿಸಿದರು. ಜೂನ್ 30ರಂದು ಹೊರಡುವ ಪ್ರಚಾರದ ಜೊತೆಗಾರ ಮೈಕಲ್ ಗೋವ್ ತಿರುಗಿಬಿದ್ದ ಮೇಲೆ ಜಾನ್ಸನ್ ಪ್ರಧಾನಿ ಹುದ್ದೆಯ ಸ್ಪರ್ಧೆಯಿಂದ ಹಿಂದೆ ಸರಿದರು. ಜುಲೈ 4ರಂದು ಫರಾಜ್ ತಮ್ಮ ಪಕ್ಷದ ನಾಯಕತ್ವ ಬಿಟ್ಟರು. ಗೆದ್ದವರೂ ಜಾರಿಕೊಂಡರು, ಸೋತವರೂ ಜಾರಿಕೊಂಡರು. ದೇಶ ನಡುಬೀದಿಯಲ್ಲಿ ನಿಂತಿತು. ಮತದಾನದ ದಿನದಿಂದ 2024ರ ಜುಲೈವರೆಗೆ ಡೌನಿಂಗ್ ಸ್ಟ್ರೀಟಿನ 10ನೇ ನಂಬರಿನ ಮನೆಯಲ್ಲಿ ಆರು ಪ್ರಧಾನಿಗಳನ್ನು ಕಂಡೆವು. ಒಬ್ಬರಿಗೆ ಎರಡು ತಿಂಗಳೂ ತುಂಬಲಿಲ್ಲ.

ಇಷ್ಟು ಹೇಳಿದ ಮೇಲೆ ಕೇಳಿ: ಎಲ್ಲರೂ ಹೀಗೇ ಇದ್ದರೇ? ಕೆನೆತ್ ಕ್ಲಾರ್ಕ್ ಎಂಬ ಹಿರಿಯ ಕನ್ಸರ್ವೇಟಿವ್ ಸಂಸದರಿದ್ದರು, 1970ರಿಂದ ಸಭೆಯಲ್ಲಿದ್ದವರು. 2017ರ ಫೆಬ್ರವರಿ 1ರಂದು ಹೊರಡುವ ಪ್ರಕ್ರಿಯೆ ಶುರು ಮಾಡುವ ಮಸೂದೆ ಬಂದಾಗ ಅವರ ಪಕ್ಷದಿಂದ ಅದರ ವಿರುದ್ಧ ಮತ ಹಾಕಿದವರು ಅವರೊಬ್ಬರೇ. ಅದೇ ಮನುಷ್ಯ, ಹೊರಡುವುದು ಖಚಿತ ಎಂದಾದ ಮೇಲೆ, ಪೆಟ್ಟು ಕಡಿಮೆಯಾಗುವ ಹಾಗೆ ಹೊರಡೋಣ ಎಂದು ಸುಂಕದ ಒಕ್ಕೂಟದಲ್ಲಿ ಉಳಿಯುವ ನಿರ್ಣಯ ತಂದರು. 2019ರ ಏಪ್ರಿಲ್ 1ರ ರಾತ್ರಿ ಅದು ಸೋತದ್ದು 273-276ರಲ್ಲಿ. ಮೂರೇ ಮತ! ಆ ರಾತ್ರಿ ನನ್ನ ಕಡೆಯವರೇ ಕೆಲವರು, ಪೂರ್ತಿ ಉಳಿಯಬೇಕು ಇಲ್ಲವಾದರೆ ಏನೂ ಬೇಡ ಎಂದು ಹಟ ಹಿಡಿದವರು, ಅದಕ್ಕೆ ಮತ ಹಾಕಲಿಲ್ಲ. ದೇಶಕ್ಕೆ ಒಂದು ನಡುದಾರಿ ಸಿಗಬಹುದಿತ್ತು, ಕೈತಪ್ಪಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಪ್ಪಂದವೇ ಇಲ್ಲದೆ ಹೊರಬೀಳುವುದನ್ನು ತಡೆಯಲು ಮತ ಹಾಕಿದ 21 ಕನ್ಸರ್ವೇಟಿವ್ ಸಂಸದರನ್ನು ಜಾನ್ಸನ್ ಸಂಸದೀಯ ಪಕ್ಷದಿಂದ ಹೊರಗೆ ಹಾಕಿದರು. ಕ್ಲಾರ್ಕ್ ಅವರೂ ಅದರಲ್ಲಿದ್ದರು. ಇನ್ನೊಂದು ಕಡೆ ನೋಡಿ: ಲೇಬರ್ ಪಕ್ಷದ ಕೇಟ್ ಹೋಯಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸಂಸದೆಯಾಗಿದ್ದರು. ಅಲ್ಲಿನ ಜನ ಶೇಕಡ 78ರಷ್ಟು ಉಳಿಯೋಣ ಎಂದವರು. ಆಕೆ ಮೊದಲಿನಿಂದ ಹೊರಡುವ ಪರ, ಅದನ್ನು ಮುಚ್ಚಿಡಲಿಲ್ಲ. ಅವರ ನಿಲುವು ನನಗೆ ಒಪ್ಪಿಗೆಯಿಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಕ್ಲಾರ್ಕ್, ಹೋಯಿ, ಎರಡು ಅಂಕಣ ಬರೆದಿಟ್ಟವರು — ಇವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದರೆ ಅದು ನ್ಯಾಯವೇ?

2016ರ ಮತದಾನಕ್ಕೆ ಒಂದು ವಾರ ಮೊದಲು, ಜೂನ್ 16ರಂದು, ಜೋ ಕಾಕ್ಸ್ ಎಂಬ ಯುವ ಸಂಸದೆಯನ್ನು ಯಾರ್ಕ್‌ಶೈರಿನ ಬರ್ಸ್ಟಲ್‌ನಲ್ಲಿ ಒಬ್ಬ ಬಲಪಂಥೀಯ ದ್ವೇಷಿ ಕೊಂದ. ಎರಡು ಚಿಕ್ಕ ಮಕ್ಕಳ ತಾಯಿ. ಕ್ಷೇತ್ರದ ಜನರ ಅಹವಾಲು ಕೇಳಲು ಲೈಬ್ರರಿಯ ಬಾಗಿಲಿಗೆ ಬಂದಿದ್ದರು. 2021ರ ಅಕ್ಟೋಬರ್‌ನಲ್ಲಿ ಡೇವಿಡ್ ಏಮಿಸ್ ಎಂಬ ಸಂಸದರನ್ನು ಚರ್ಚ್ ಒಂದರಲ್ಲಿ ಹೀಗೇ ಜನರನ್ನು ಭೇಟಿಯಾಗುತ್ತಿದ್ದಾಗ ಇನ್ನೊಬ್ಬ ಕೊಂದ. ಅವನು ಇನ್ನೊಂದು ಬಗೆಯ ಮತಾಂಧ. ಜನರ ನಡುವೆ ಬಂದು ಕೂರುವವರೇ ಮೊದಲು ಬಲಿಯಾಗುವುದು. ಅದಕ್ಕೇ, ಸಂಸದರನ್ನೆಲ್ಲ ಕಳ್ಳರು ಎಂದು ನಗುನಗುತ್ತಾ ಹೇಳುವ ಹುಡುಗರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ.

ಇನ್ನು ಮತ ಹಾಕಿದ ಜನರ ಮಾತು. ಹೊರಡೋಣ ಎಂದವರೆಲ್ಲ ದಡ್ಡರು, ಜನಾಂಗದ್ವೇಷಿಗಳು ಎಂಬ ಮಾತನ್ನೂ ನಿಮ್ಮಲ್ಲಿ ಕೆಲವರಿಂದ ಕೇಳಿದ್ದೇನೆ. ಹೀಗೆ ಹೇಳಬೇಡಿ. ನಾನು ಅವರ ನಡುವೆ ಬದುಕಿದವನು, ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟವನು. ಡರಮ್ ಕೌಂಟಿಯಲ್ಲಿ ಶೇಕಡ 57.5ರಷ್ಟು ಜನ ಹೊರಡೋಣ ಎಂದರು. ಇಲ್ಲಿನ ಈಸಿಂಗ್ಟನ್ ಗಣಿ ಮುಚ್ಚಿದ್ದು 1993ರಲ್ಲಿ. ಗಣಿ ಹೋದ ಮೇಲೆ ಮುಖ್ಯ ಬೀದಿಯ ಅಂಗಡಿಗಳಿಗೆ ಹಲಗೆ ಬಡಿದರು. ಹಲಗೆಯ ಮೇಲೆ ಬಣ್ಣದಲ್ಲಿ ಕಿಟಕಿ, ಪರದೆ, ಹೂಕುಂಡ ಬರೆಸಿದ್ದನ್ನೂ ನೋಡಿದ್ದೇನೆ, ಒಳಗೆ ಯಾರೋ ವ್ಯಾಪಾರ ಮಾಡುತ್ತಿದ್ದಾರೆ ಎಂದು ಕಾಣಲಿ ಎಂದು. ಆ ಬೀದಿಯವರಿಗೆ ಲಂಡನ್ನಿನಿಂದ ಬಂದು, ಒಕ್ಕೂಟ ಬಿಟ್ಟರೆ ದೇಶದ ಜಿಡಿಪಿ ಇಳಿಯುತ್ತದೆ ಎಂದು ಹೆದರಿಸಿದರು. ಆನಂದ್ ಮೆನನ್ ಎಂಬ ಪ್ರೊಫೆಸರ್ ನ್ಯೂಕಾಸಲ್‌ನ ಸಭೆಯಲ್ಲಿ ಈ ವಾದ ಇಟ್ಟಾಗ ಸಭಿಕರ ನಡುವಿನಿಂದ ಒಬ್ಬ ಹೆಂಗಸು, ಅದು ನಿಮ್ಮ ಜಿಡಿಪಿ, ನಮ್ಮದಲ್ಲ ಎಂದು ಕೂಗಿದರಂತೆ. ಆ ಹೆಂಗಸು ದಡ್ಡಿಯಲ್ಲ. ಆಕೆ ಕೇಳಿದ್ದಕ್ಕೆ ಆಳಿದವರ ಬಳಿ ಉತ್ತರವಿರಲಿಲ್ಲ.

ವಲಸೆಯ ವಿಷಯವೂ ಅಷ್ಟೇ. 2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಒಕ್ಕೂಟಕ್ಕೆ ಸೇರಿದಾಗ ಟೋನಿ ಬ್ಲೇರ್ ಸರ್ಕಾರ ಅಲ್ಲಿನ ಕೆಲಸಗಾರರಿಗೆ ಮೊದಲ ದಿನದಿಂದಲೇ ಬಾಗಿಲು ತೆರೆಯಿತು. ವರ್ಷಕ್ಕೆ ಹೆಚ್ಚೆಂದರೆ 13,000 ಜನ ಬರಬಹುದೆಂಬ ಅಂದಾಜಿತ್ತು. ಬಂದವರು ಅದರ ಎಷ್ಟೋ ಪಾಲು ಹೆಚ್ಚು. ಬಂದವರ ತಪ್ಪು ಏನೂ ಇಲ್ಲ, ಅವರು ದುಡಿಯಲು ಬಂದರು, ನಾನು ಬಂದ ಹಾಗೆ, ನೀವು ಬಂದ ಹಾಗೆ. ಜನ ಹೆಚ್ಚಾದ ಊರುಗಳ ಶಾಲೆ, ಆಸ್ಪತ್ರೆಗಳಿಗೆ ನೆರವಾಗಲೆಂದು ಲೇಬರ್ ಸರ್ಕಾರ ಒಂದು ನಿಧಿ ಮಾಡಿತ್ತು. 2010ರಲ್ಲಿ ಬಂದ ಸರ್ಕಾರ ಅದನ್ನೂ ರದ್ದು ಮಾಡಿತು. ಲಿಂಕನ್‌ಶೈರಿನ ಬಾಸ್ಟನ್‌ನಂಥ ಊರಿನಲ್ಲಿ ಶೇಕಡ 75 ಜನ ಹೊರಡೋಣ ಎಂದದ್ದು ಇದಾದ ಮೇಲೆ.

ಈಗ ಎರಡೂ ಕಡೆಯವರು ಮೋಸಹೋದೆವು ಎನ್ನುತ್ತಿದ್ದಾರೆ. ಉಳಿಯೋಣ ಎಂದವರಿಗೆ ಮನೆ ಕಳೆದುಕೊಂಡ ದುಃಖ. ಹೊರಡೋಣ ಎಂದವರಿಗೆ ಹೇಳಿದ್ದೇನೂ ಸಿಗಲಿಲ್ಲ ಎಂಬ ಸಿಟ್ಟು. ವಲಸೆ ಇಳಿಯುತ್ತದೆ ಎಂದರು, 2023ರ ಹೊತ್ತಿಗೆ ದೇಶ ಬಿಟ್ಟವರನ್ನು ಕಳೆದು ಉಳಿದ ಸಂಖ್ಯೆಯೇ ವರ್ಷಕ್ಕೆ 9 ಲಕ್ಷ ದಾಟಿತು. ಅದರಲ್ಲಿ ದೊಡ್ಡ ಪಾಲು ಭಾರತೀಯರದು, ನಿಮ್ಮಲ್ಲಿ ಎಷ್ಟೋ ಜನ ಆ ಲೆಕ್ಕದಲ್ಲೇ ಬಂದವರು. ನಿಮ್ಮ ಪಕ್ಕದ ಮನೆಯ ಮುದುಕ ನಿಮ್ಮನ್ನು ಕಂಡು ಮುಖ ಗಂಟಿಕ್ಕಿದರೆ, ಅವನಿಗೆ ಮಾತು ಕೊಟ್ಟು ತಪ್ಪಿದವರು ಬೇರೆ ಯಾರೋ ಎಂಬುದನ್ನು ಮರೆಯಬೇಡಿ. ಸಾಧ್ಯವಾದರೆ ಮಾತಾಡಿಸಿ. ನಿಮ್ಮಿಬ್ಬರ ದೂರೂ ಒಂದೇ ಬಾಗಿಲಿಗೆ ಹೋಗಬೇಕಾದ್ದು.

ನಮ್ಮ ಕರ್ನಾಟಕದ ಪಕ್ಕದಲ್ಲೇ ನಡೆದ ಒಂದು ಸಂಗತಿ ನಿಮಗೆ ತಿಳಿದಿರಲಿ. ಭಾರತದ ಸಂವಿಧಾನದಲ್ಲಿ ದೇಶವ್ಯಾಪಿ ಜನಮತಗಣನೆಗೆ ಅವಕಾಶ ಕೊಟ್ಟಿಲ್ಲ. ಆದರೆ ಗೋವಾದಲ್ಲಿ 1967ರ ಜನವರಿ 16ರಂದು ಒಂದು ನಡೆಯಿತು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೋ? ವಿಲೀನಕ್ಕೆ ಹೂವಿನ ಗುರುತು, ಈಗಿರುವಂತೆ ಇರುವುದಕ್ಕೆ ಎರಡೆಲೆಯ ಗುರುತು. ಎರಡೂ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕಾರವಾರದ ಗಡಿಯಲ್ಲಿದ್ದವರಿಗೂ ಗೊತ್ತಿತ್ತು. ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ವಿಲೀನದ ಪರ. ಅಧಿಕಾರದಲ್ಲಿದ್ದು ಮತದಾನ ನಡೆಸಿದರೆ ನ್ಯಾಯವಾಗದು ಎಂದು ವಿರೋಧಿಗಳು ಪಟ್ಟು ಹಿಡಿದಾಗ ಅವರು ಒಂದೂವರೆ ತಿಂಗಳ ಮೊದಲೇ ರಾಜೀನಾಮೆ ಕೊಟ್ಟು ಕೆಳಗಿಳಿದರು. ಎರಡೆಲೆ 1,72,191, ಹೂವು 1,38,170. ಬಾಂದೋಡಕರ್ ಸೋತರು. ಊರೊಳಗೆ ಕಹಿಯೇನು ಕಡಿಮೆ ಇರಲಿಲ್ಲ, ಕೊಂಕಣಿ-ಮರಾಠಿ ಜಗಳ ಮನೆಮನೆಯಲ್ಲಿತ್ತು. ಆದರೂ ಕೆಲವೇ ವಾರಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಜನ ಅದೇ ಬಾಂದೋಡಕರ್ ಪಕ್ಷವನ್ನು ಗೆಲ್ಲಿಸಿದರು, ಅವರು ಜನ ಬೇಡವೆಂದ ವಿಲೀನವನ್ನು ಮತ್ತೆ ಹೇರದೆ ಆಡಳಿತ ನಡೆಸಿದರು. ಪ್ರಶ್ನೆ ಸ್ಪಷ್ಟವಾಗಿತ್ತು, ನಾಯಕ ಫಲಿತಾಂಶಕ್ಕೆ ತಲೆಬಾಗಿದ. ಜನಮತಗಣನೆ ಎಂದ ಮಾತ್ರಕ್ಕೆ ದೇಶ ಒಡೆಯಲೇಬೇಕೆಂದಿಲ್ಲ. ಕೇಳುವವರ ಪ್ರಾಮಾಣಿಕತೆಯ ಮೇಲೆ ಬಹಳ ನಿಂತಿದೆ.

ಬ್ರಿಟನ್ನಿನಲ್ಲಿ ಆದದ್ದು ಅದರ ತದ್ವಿರುದ್ಧ. 2016ರ ನವೆಂಬರ್‌ನಲ್ಲಿ, ಸಂಸತ್ತಿನ ಒಪ್ಪಿಗೆ ಇಲ್ಲದೆ ಸರ್ಕಾರ ಹೊರಡುವ ಪ್ರಕ್ರಿಯೆ ಶುರು ಮಾಡುವ ಹಾಗಿಲ್ಲ ಎಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಹೇಳಿದಾಗ, ಮರುದಿನ ಡೈಲಿ ಮೇಲ್ ಪತ್ರಿಕೆ ಅವರ ಫೋಟೊ ಹಾಕಿ ಜನರ ಶತ್ರುಗಳು ಎಂದು ಮುಖಪುಟ ಮಾಡಿತು. 2019ರ ಮಾರ್ಚ್ 20ರ ರಾತ್ರಿ ಪ್ರಧಾನಿ ಥೆರೆಸಾ ಮೇ ಟೀವಿಯಲ್ಲಿ ಬಂದು, ಸಂಸದರಿಂದ ನಿಮಗೆ ಬೇಸರವಾಗಿದೆ, ನಾನು ನಿಮ್ಮ ಕಡೆ ಎಂದರು. ಒಕ್ಕೂಟದ ಜೊತೆ ಅವರು ಮಾಡಿಕೊಂಡಿದ್ದ ಹೊರಡುವ ಒಪ್ಪಂದವನ್ನು ಜನವರಿಯಲ್ಲಿ 230 ಮತಗಳಿಂದ, ಮಾರ್ಚ್ ನಡುವಿನಲ್ಲಿ 149 ಮತಗಳಿಂದ ಸಭೆ ತಿರಸ್ಕರಿಸಿತ್ತು. ಮನವೊಲಿಸುವ ಬದಲು ಸಭೆಯನ್ನೇ ಜನರ ಮುಂದೆ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದರು. ಅವರ ನಂತರ ಬಂದ ಜಾನ್ಸನ್ ಸಂಸತ್ತಿನ ಬಾಗಿಲನ್ನೇ ಐದು ವಾರ ಮುಚ್ಚಲು ಹೊರಟರು. ಸುಪ್ರೀಂ ಕೋರ್ಟಿನ ಹನ್ನೊಂದೂ ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಕಾನೂನುಬಾಹಿರ ಎಂದರು. ಯಾವ ದೇಶದಲ್ಲೇ ಇರಿ, ಯಾವ ಪಕ್ಷದವರೇ ಆಗಲಿ, ನಾನು ನಿಮ್ಮವನು, ಕೋರ್ಟು-ಸಂಸತ್ತು-ಅಧಿಕಾರಿಗಳು ನಿಮ್ಮ ವೈರಿಗಳು ಎಂದು ಹೇಳುವ ನಾಯಕ ಬಂದರೆ ಅಂದೇ ಎಚ್ಚೆತ್ತುಕೊಳ್ಳಿ. ಎಲ್ಲರೂ ಕಳ್ಳರೇ ಎಂಬ ನಿಮ್ಮ ಮಾತನ್ನು ಬಂಡವಾಳ ಮಾಡಿಕೊಂಡು ಬರುವವನು ಅವನೇ.

ನಮ್ಮವ ಎಂಬ ಅಭಿಮಾನದ ಮೇಲೂ ಒಂದು ಮಾತು. 2022ರ ದೀಪಾವಳಿಯ ದಿನ ರಿಷಿ ಸುನಕ್ ಕನ್ಸರ್ವೇಟಿವ್ ಪಕ್ಷದ ನಾಯಕರಾದಾಗ, ಬೆಂಗಳೂರಿನ ಅಳಿಯ ಪ್ರಧಾನಿಯಾಗುತ್ತಾನೆ ಎಂದು ನಾವೆಲ್ಲ ಸಿಹಿ ಹಂಚಿದೆವು. ಸಂತೋಷಪಟ್ಟದ್ದು ತಪ್ಪಲ್ಲ. ಆದರೆ 2024ರಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಮತ್ತು ಆರೈಕೆ ಕೆಲಸದವರು ಹೆಂಡತಿ ಮಕ್ಕಳನ್ನು ಕರೆತರದಂತೆ ನಿಯಮ ತಂದದ್ದು, ನುರಿತ ಕೆಲಸಗಾರರ ವೀಸಾಕ್ಕೆ ಸಂಬಳದ ಮಿತಿಯನ್ನು 38,700 ಪೌಂಡಿಗೆ ಏರಿಸಿದ್ದು ಅದೇ ಸರ್ಕಾರ. ಅದರ ಮುಂದಿನ ಲೇಬರ್ ಸರ್ಕಾರ 2025ರ ಮೇ ಶ್ವೇತಪತ್ರದಲ್ಲಿ, ಇಲ್ಲಿ ನೆಲೆಸುವ ಹಕ್ಕಿಗೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕೆಂಬ ಪ್ರಸ್ತಾಪ ಇಟ್ಟಿತು. ಹೆಸರು, ಬಣ್ಣ, ಬೀಗತನ ನೋಡಬೇಡಿ. ಮಾಡಿದ ಕಾನೂನು ನೋಡಿ.

ಸಿಟ್ಟಿನಿಂದ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2016ರಲ್ಲಿ ಶೇಕಡ 72 ಜನ ಮತ ಹಾಕಿದ್ದರು. 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಹಾಕಿದವರು ಶೇಕಡ 60ರಷ್ಟು ಮಾತ್ರ. ಅದೇ ವರ್ಷ ಪ್ರಕಟವಾದ ಸಾಮಾಜಿಕ ಸಮೀಕ್ಷೆಯಲ್ಲಿ, ಯಾವ ಪಕ್ಷದ ಸರ್ಕಾರವಾದರೂ ದೇಶದ ಹಿತವನ್ನು ಪಕ್ಷದ ಹಿತಕ್ಕಿಂತ ಮುಂದಿಡುತ್ತದೆಂದು ಹೆಚ್ಚುಕಡಿಮೆ ಎಂದೂ ನಂಬುವುದಿಲ್ಲ ಎಂದವರು ಶೇಕಡ 45. ನೂರರಲ್ಲಿ ನಲವತ್ತೈದು! ಆದರೆ ಎಲ್ಲರೂ ಮನೆಯಲ್ಲಿ ಕೂರುವುದಿಲ್ಲ. 2025ರ ಮೇಯಲ್ಲಿ ನನ್ನ ಡರಮ್ ಕೌಂಟಿ ಕೌನ್ಸಿಲ್ಲನ್ನು ಫರಾಜ್ ಅವರ ಹೊಸ ಪಕ್ಷ ದೊಡ್ಡ ಬಹುಮತದಿಂದ ಗೆದ್ದಿತು. ಪಕ್ಷದೊಳಗಿನ ಮತದ ಬೆಲೆಯನ್ನೂ ನೋಡಿ: 2022ರಲ್ಲಿ ಲಿಜ್ ಟ್ರಸ್ ಅವರನ್ನು ಕನ್ಸರ್ವೇಟಿವ್ ಪಕ್ಷದ ನಾಯಕಿಯಾಗಿ ಆರಿಸಿ ಪ್ರಧಾನಿ ಪಟ್ಟಕ್ಕೆ ಕಳಿಸಿದ್ದು 81,326 ಮತಗಳು, ಆ ಪಕ್ಷದ ಸದಸ್ಯರದು ಮಾತ್ರ. ಆರೂವರೆ ಕೋಟಿಗೂ ಹೆಚ್ಚು ಜನರಿರುವ ದೇಶ ಇದು. ಯಾವುದಾದರೂ ಪಕ್ಷದ ಸದಸ್ಯರಾಗುವುದು ಗಲೀಜು ಕೆಲಸ ಎಂದು ನೀವು ಮೂಗು ಮುರಿದರೆ, ಮುರಿಯದವರು ನಿಮ್ಮ ಪ್ರಧಾನಿಯನ್ನು ಆರಿಸಿಕೊಡುತ್ತಾರೆ. 2016ರ ಮತದಾನದ ದಿನ ನಡೆದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ 18ರಿಂದ 24ರ ವಯಸ್ಸಿನವರಲ್ಲಿ ಶೇಕಡ 73 ಜನ ಉಳಿಯೋಣ ಎಂದಿದ್ದರು, 65 ದಾಟಿದವರಲ್ಲಿ ಶೇಕಡ 60 ಜನ ಹೊರಡೋಣ ಎಂದಿದ್ದರು. ನಮ್ಮ ವಯಸ್ಸಿನವರು ತಪ್ಪದೆ ಮತಗಟ್ಟೆಗೆ ಹೋಗುತ್ತೇವೆ. ನೀವೂ ಹೋಗಿ.

ವೀಸಾದಲ್ಲಿರುವ ನನಗೆಲ್ಲಿಯ ಮತ ಎಂದು ಕೇಳಬೇಡಿ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಸಾಲದು: ಭಾರತ ಕಾಮನ್‌ವೆಲ್ತ್ ದೇಶ, ಆದ್ದರಿಂದ ಕ್ರಮಬದ್ಧ ವೀಸಾದ ಮೇಲೆ ಇಲ್ಲಿ ವಾಸವಿರುವ, ವಯಸ್ಸಿಗೆ ಬಂದ ಭಾರತೀಯ ಪ್ರಜೆಗೆ, ಓದಲು ಬಂದವರಾದರೂ ಸರಿ, ಸಂಸತ್ ಚುನಾವಣೆಯಲ್ಲೂ ಮತ ಇದೆ. 2016ರ ಜನಮತಗಣನೆಯಲ್ಲೂ ಇತ್ತು. ವರ್ಷಗಟ್ಟಲೆ ಇಲ್ಲಿ ದುಡಿದ ಪೋಲೆಂಡಿನ, ರೊಮೇನಿಯಾದ ನರ್ಸುಗಳಿಗೆ ಇರಲಿಲ್ಲ. ಅವರ ಬದುಕೇ ಅಲ್ಲಾಡುವ ತೀರ್ಮಾನದಲ್ಲಿ ಅವರ ಮಾತಿಲ್ಲ. ಅದೇ ವಾರ್ಡಿಗೆ ಆಗಷ್ಟೇ ಬಂದು ಸೇರಿದ ಕರ್ನಾಟಕದ ಡಾಕ್ಟರಿಗೆ ಇತ್ತು. ಥೇಮ್ಸ್ ದಡದಲ್ಲಿ 2015ರ ನವೆಂಬರ್‌ನಲ್ಲಿ ನಿಲ್ಲಿಸಿದ ಬಸವಣ್ಣನವರ ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ನಮ್ಮ ಎಷ್ಟೋ ಹುಡುಗರಿಗೆ, ಅಲ್ಲಿಂದ ಸ್ವಲ್ಪವೇ ದೂರದ ಸಂಸತ್ತಿಗೆ ಯಾರು ಹೋಗಬೇಕು ಎಂದು ಹೇಳುವ ಹಕ್ಕು ತಮಗೂ ಇದೆ ಎಂಬುದು ಗೊತ್ತೇ ಇಲ್ಲ.

ಹಾಗಾಗಿ ಈ ವಾರ ಮಾಡಬೇಕಾದ ಕೆಲಸ ಇಷ್ಟು. ಸರ್ಕಾರದ ವೆಬ್‌ಸೈಟಿಗೆ ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ವಿಳಾಸ, ಹುಟ್ಟಿದ ದಿನ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತಾರೆ, ಐದು ನಿಮಿಷದ ಕೆಲಸ. ಮನೆ ಬದಲಿಸಿದಾಗಲೆಲ್ಲ ಮತ್ತೆ ಮಾಡಬೇಕು, ಇದನ್ನೇ ಬಾಡಿಗೆ ಮನೆಯ ಹುಡುಗರು ಮರೆಯುವುದು. 2023ರಿಂದ ಇಂಗ್ಲೆಂಡಿನಲ್ಲಿ ಮತಗಟ್ಟೆಗೆ ಫೋಟೊ ಇರುವ ಗುರುತಿನ ಚೀಟಿ ಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಆಮೇಲೆ ನಿಮ್ಮ ಕ್ಷೇತ್ರದ ಸಂಸದರು ಯಾರೆಂದು ಹುಡುಕಿ, ಅವರ ಸರ್ಜರಿ, ಅಂದರೆ ಜನರ ಅಹವಾಲು ಕೇಳುವ ಭೇಟಿ, ಯಾವ ಶುಕ್ರವಾರ ಅಥವಾ ಶನಿವಾರ ಎಂದು ಕೇಳಿ ಹೋಗಿ. ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಟಿಪ್ಪಣಿ ಬರೆದುಕೊಳ್ಳುವ ಒಬ್ಬ ಸಹಾಯಕ, ಅಷ್ಟೇ ಇರುತ್ತದೆ. ನಿಮಗೆ ಸಿಗುವುದು ಹತ್ತು ಹದಿನೈದು ನಿಮಿಷ. ಅದರಲ್ಲಿ ಭಾಷಣ ಮಾಡಬೇಡಿ. ನಿಮ್ಮ ವಿಷಯ ವೀಸಾದ್ದೋ, ಬಾಡಿಗೆಯದ್ದೋ, ಆಸ್ಪತ್ರೆಯ ಸರದಿಯದ್ದೋ, ಒಂದನ್ನೇ ಇಟ್ಟುಕೊಂಡು ಮೂರು ಪ್ರಶ್ನೆ ಕೇಳಿ: ಈ ವಿಷಯದಲ್ಲಿ ನೀವು ಇದುವರೆಗೆ ಸಭೆಯಲ್ಲಿ ಹೇಗೆ ಮತ ಹಾಕಿದ್ದೀರಿ? ನೀವು ಹೇಳುವ ಬದಲಾವಣೆ ಜಾರಿಯಾದ ಮರುದಿನ ಏನಾಗುತ್ತದೆ? ಅದರ ಖರ್ಚು ಯಾರ ಮೇಲೆ ಬೀಳುತ್ತದೆ? ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳಿ, ತಾರೀಖು ಹಾಕಿ. ಆರು ತಿಂಗಳು ಬಿಟ್ಟು ಅದೇ ಕಾಗದ ಹಿಡಿದು ಮತ್ತೆ ಹೋಗಿ.